ರೈಟ್ ಬ್ಯಾಕ್ ಜಾಗಕ್ಕೆ ಇಬ್ಬರು ಹುಡುಗಿಯರು

ಉದಗೀರದ ಪಂದ್ಯಕ್ಕೆ ಇನ್ನು ಹದಿನೆಂಟು ದಿನ ಇದ್ದಾಗ ನಮ್ಮ ತಂಡದ ರೈಟ್ ಬ್ಯಾಕ್ ಕಾಲು ಮುರಿದುಕೊಂಡಳು. ಮೈದಾನದಲ್ಲಿ ಅಲ್ಲ, ಅಕ್ಕನ ಮದುವೆಯ ಮೆರವಣಿಗೆಯಲ್ಲಿ ಕುಣಿಯುವಾಗ. ಪ್ಲಾಸ್ಟರ್ ಹಾಕಿದ ಕಾಲಿನ ಫೋಟೊ ನನ್ನ ಮೊಬೈಲಿಗೆ ಬಂತು, ಕೆಳಗೆ ಎರಡು ಕೈ ಮುಗಿದ ಚಿತ್ರ. ನನಗೆ ಬಂದ ಸಿಟ್ಟಿಗೆ ಮದುವೆ ಮಾಡಿಕೊಂಡ ಅಕ್ಕನನ್ನೂ ಸೇರಿಸಿ ಬೈದೆ.

ಮಹಾರಾಷ್ಟ್ರದ ಗಡಿಯ ಉಮರಗಾದಲ್ಲಿ ಹೆಣ್ಣುಮಕ್ಕಳ ಒಂದು ಮರಾಠಿ ಶಾಲೆಗೆ ನಾನು ಪಿ.ಟಿ. ಶಿಕ್ಷಕಿ. ಖೊ-ಖೊ ಆಡಿ ಬೆಳೆದವಳು. ಬೇರೆ ಯಾರೂ ಇಲ್ಲವೆಂದು ಫುಟ್‌ಬಾಲ್ ನನ್ನ ಕೊರಳಿಗೆ ಬಿತ್ತು. ನಿಯಮಗಳನ್ನು ಪುಸ್ತಕ ನೋಡಿ ಕಲಿತೆ, ಉಳಿದದ್ದನ್ನು ಹುಡುಗಿಯರು ಬಿದ್ದು ಎದ್ದು ನನಗೆ ಕಲಿಸಿದರು. ಆ ವರ್ಷ ನಮ್ಮ ತಂಡ ಜಿಲ್ಲೆಯಲ್ಲಿ ಗೆದ್ದು ಉದಗೀರದ ವಿಭಾಗ ಮಟ್ಟದ ಪಂದ್ಯಕ್ಕೆ ಹೋಯಿತು. ಹೇಗೆ ಗೆದ್ದೆವು ಎಂಬುದು ನನಗೇ ಪೂರ್ತಿ ತಿಳಿದಿರಲಿಲ್ಲ. ಆದ್ದರಿಂದಲೇ ಒಬ್ಬಳು ಹೊರಗೆ ಕೂತಾಗ ಏನು ಮಾಡಬೇಕೆಂದೂ ತಿಳಿಯಲಿಲ್ಲ.

ರೈಟ್ ಬ್ಯಾಕ್ ಎಂದರೆ ನಮ್ಮ ಗೋಲಿನ ಮುಂದೆ ಬಲಬದಿಯನ್ನು ಕಾಯುವವಳು. ಎದುರಾಳಿಯ ವಿಂಗರ್, ಅಂದರೆ ಗೆರೆಯ ಪಕ್ಕದಲ್ಲಿ ಚೆಂಡು ತೆಗೆದುಕೊಂಡು ನುಗ್ಗಿ ಬರುವವಳು, ಇವಳ ಪಾಲು. ಅವಳ ಜೊತೆ ಓಡಬೇಕು, ಒಳಗೆ ತಿರುಗದಂತೆ ಗೆರೆಯ ಕಡೆಗೇ ಒತ್ತಬೇಕು. ಚೆಂಡು ಆಚೆ ಬದಿಯಲ್ಲಿದ್ದರೆ ತನ್ನ ಜಾಗ ಬಿಟ್ಟು ಗೋಲಿನ ನಡುವಿಗೆ ಸರಿಯಬೇಕು. ಯಾವಾಗ ಓಡಬೇಕು, ಯಾವಾಗ ಸರಿಯಬೇಕು ಎಂಬುದೇ ಇಡೀ ಕೆಲಸ. ಓಡಲು ಬಂದರೆ ಸಾಕೋ, ತಲೆ ಬೇಕೋ? ಈ ಪ್ರಶ್ನೆಗೆ ಇಬ್ಬರು ಹುಡುಗಿಯರು ನನ್ನ ಮುಂದೆ ಬಂದು ನಿಂತರು.

ಒಬ್ಬಳು ಮಾಕಣಿ ಹಳ್ಳಿಯವಳು, ನಮ್ಮ ಶಾಲೆಯಲ್ಲೇ ಅತಿ ವೇಗದ ಹುಡುಗಿ. ಉಮರಗಾದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಮನೆಮಾತು ಮರಾಠಿ, ಮಾತಾಡುವುದು ಕಡಿಮೆ. ಯೆಣೆಗೂರಿನವಳು ದಿನಾ ಎಸ್.ಟಿ. ಬಸ್ಸಿಗೆ ಬಂದುಹೋಗುವ ಒಕ್ಕಲುತನದ ಮನೆಯ ಹುಡುಗಿ. ನನ್ನ ಹಾಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಓಟ ಸಾಧಾರಣ, ಆದರೆ ಚೆಂಡು ಬರುವ ಮೊದಲೇ ಸರಿಯಾದ ಜಾಗದಲ್ಲಿ ನಿಂತಿರುತ್ತಿದ್ದಳು.

ಇಬ್ಬರಲ್ಲಿ ಯಾರಾದರೂ ಆಗಲಿ ಎಂದು ಚೀಟಿ ಎತ್ತಬಹುದಿತ್ತು. ಆದರೆ ಉದಗೀರಕ್ಕೆ ಆಯ್ಕೆಗಾರರೊಬ್ಬರು ಬರುವವರಿದ್ದರು. ಊಟ, ವಸತಿ, ಕಾಲೇಜು ಎಲ್ಲ ಕೊಟ್ಟು ಆಟ ಕಲಿಸುವ ಒಂದು ಕೇಂದ್ರಕ್ಕೆ ಅವರು ಹುಡುಗಿಯರನ್ನು ಆರಿಸುತ್ತಾರೆ. ಯೆಣೆಗೂರಿನವಳಿಗೆ ಮುಂದಿನ ವರ್ಷವೂ ವಯಸ್ಸು ಇತ್ತು. ಮಾಕಣಿಯವಳಿಗೆ ಇದೇ ಕೊನೆಯ ವರ್ಷ. ಅವಳ ಮಾವನಿಗೆ ಬೇಸಿಗೆಯಲ್ಲಿ ವರ್ಗ ಆಗುವುದಿತ್ತು, ಆಮೇಲೆ ಅವಳು ಊರಿಗೆ ಹಿಂತಿರುಗಿದರೆ ಹತ್ತನೆಯ ತರಗತಿಗೇ ಓದು ಮುಗಿಯುತ್ತದೆ ಎಂದು ಅವಳ ಮಾಮಿಯೇ ನನಗೆ ಹೇಳಿದ್ದಳು. ಬೆಂಚಿನ ಮೇಲೆ ಕೂತವಳನ್ನು ಯಾವ ಆಯ್ಕೆಗಾರ ನೋಡುತ್ತಾನೆ? ಹಾಗೆಂದು ಕನಿಕರಕ್ಕೆ ಒಬ್ಬಳನ್ನು ಆಡಿಸಿದರೆ ಉಳಿದ ಹತ್ತು ಜನರಿಗೆ ಅನ್ಯಾಯ. ಹಾಗಾಗಿ ಪರೀಕ್ಷೆ ಮಾಡಿಯೇ ಆರಿಸುತ್ತೇನೆ ಎಂದು ಹಟ ಹಿಡಿದೆ.

ನನಗೆ ಜೊತೆಯಾದವರು ಗಣಿತದ ಸರ್. ಫುಟ್‌ಬಾಲನ್ನು ಟಿ.ವಿ.ಯಲ್ಲಿ ಮಾತ್ರ ಕಂಡವರು, ಆದರೆ ಅಭಿಪ್ರಾಯಗಳಿಗೆ ಬರವಿಲ್ಲ.

"ಮ್ಯಾಡಮ್, ಓಡೂದು ಕುದರಿಗೂ ಬರ್ತದ. ಬ್ಯಾಕಿಗೆ ಅಕಲು ಬೇಕ್ರೀ, ಅಕಲು," ಎಂದು ತಲೆ ಮುಟ್ಟಿ ತೋರಿಸಿದರು.

"ಅಕಲು ಇದ್ದಾಕಿ ಜಾಗಕ್ಕ ಮುಟ್ಟೂತನ ಗೋಲ್ ಆಗಿ ಹೋಗಿರ್ತದ ಸರ್," ಎಂದೆ.

"ಹಂಗಾರ ಎರಡೂ ಅಳೀರಿ. ನಾ ಬರ್ಕೋತೀನಿ."

ವೇಗ ಅಳೆಯುವುದು ಸುಲಭ. ಮೂವತ್ತು ಹೆಜ್ಜೆಗೆ ಒಂದರಂತೆ ಇಟ್ಟಿಗೆ ಇಟ್ಟು, ನಾನು ಚಪ್ಪಾಳೆ ತಟ್ಟಿದಾಗ ಓಡಿಸಿ, ಸರ್ ಕೈಯಲ್ಲಿ ಸ್ಟಾಪ್‌ವಾಚ್ ಕೊಟ್ಟೆ. ಮಾಕಣಿಯವಳು ಪ್ರತಿ ಸಲವೂ ಮುಂದೆ. ಬುದ್ಧಿ ಅಳೆಯಲು ನಾನೇ ಒಂದು ವಿಧಾನ ಕಟ್ಟಿದೆ. ಮೂವರು ಚೆಂಡು ತೆಗೆದುಕೊಂಡು ಬರುತ್ತಾರೆ, ಈ ಇಬ್ಬರೂ ತಡೆಯುತ್ತಾರೆ, ನಾನು ಗೆರೆಯ ಆಚೆಯಿಂದ ಕೂಗಿ ಹೇಳುತ್ತಿರುತ್ತೇನೆ: ಹಿಂದೆ ಸರಿ, ಒಳಗೆ ಬಾ, ಬಿಡಬೇಡ, ಈಗ ಹೋಗು. ಹೇಳಿದ್ದನ್ನು ಎಷ್ಟು ಬೇಗ ಗ್ರಹಿಸಿ ಮಾಡುತ್ತಾಳೆ ಎಂಬುದನ್ನು ಸರ್ ಬರೆಯುತ್ತಾರೆ. ಮೈದಾನದ ಪಕ್ಕದಲ್ಲೇ ಹೆದ್ದಾರಿ, ಸೊಲ್ಲಾಪುರ ಕಡೆಯ ಲಾರಿಗಳು ಹಾರ್ನ್ ಒತ್ತುತ್ತಲೇ ಹೋಗುತ್ತವೆ, ಹಾಗಾಗಿ ನನ್ನ ಗಂಟಲು ಊರಿಗೇ ಕೇಳುವಂತಿರುತ್ತಿತ್ತು.

ಈ ಪರೀಕ್ಷೆಯಲ್ಲಿ ಮಾಕಣಿಯವಳು ಪ್ರತಿ ಸಲವೂ ತಡ. ನಾನು ಕೂಗುತ್ತೇನೆ, ಅವಳು ಅರೆಗಳಿಗೆ ನಿಲ್ಲುತ್ತಾಳೆ, ಪಕ್ಕಕ್ಕೆ ನೋಡುತ್ತಾಳೆ, ಆಮೇಲೆ ಓಡುತ್ತಾಳೆ. ಯೆಣೆಗೂರಿನವಳು ನನ್ನ ಮಾತು ಮುಗಿಯುವ ಮೊದಲೇ ಸರಿದಿರುತ್ತಾಳೆ. ಐದು ದಿನ ಇದೇ ಕಥೆ. ಸರ್ ನೋಟ್‌ಬುಕ್ಕಿನಲ್ಲಿ ಒಬ್ಬಳ ಹೆಸರಿನ ಮುಂದೆ ವೇಗ, ಇನ್ನೊಬ್ಬಳ ಮುಂದೆ ಬುದ್ಧಿ ಎಂದು ಬರೆದು ಕೆಳಗೆ ಗೆರೆ ಎಳೆದರು. ನಾನೂ ನಂಬಿದೆ.

ಹೀಗೆ ಅರ್ಧ ತೀರ್ಮಾನ ಮಾಡಿಕೊಂಡು ನಿಲಂಗಾದ ಒಂದು ಶಾಲೆಯ ಜೊತೆ ಸ್ನೇಹಪಂದ್ಯಕ್ಕೆ ಹೋದೆವು. ಮೊದಲ ಅರ್ಧದಲ್ಲಿ ಮಾಕಣಿಯವಳನ್ನು ಇಳಿಸಿದೆ. ಅವರ ವಿಂಗರ್ ಗಾಳಿಯಂಥ ಹುಡುಗಿ. ಎರಡು ಸಲ ನಮ್ಮವಳನ್ನು ದಾಟಿಹೋದಳು, ಎರಡು ಸಲವೂ ನಮ್ಮವಳು ಹಿಂದಿನಿಂದ ಓಡಿ ಹಿಡಿದಳು. ಮೂರನೆಯ ಸಲ ನಾನು "ಒಳಗೆ ಬಾ" ಎಂದು ಕಿರುಚಿದ್ದೇ ಕಿರುಚಿದ್ದು, ನಮ್ಮವಳು ಗೆರೆಯ ಹತ್ತಿರವೇ ನಿಂತಳು, ಬಿಟ್ಟ ಜಾಗದಿಂದ ಗೋಲಾಯಿತು. ನಾನು ಕಾಲಿನಿಂದ ನೀರಿನ ಬಾಟಲಿ ಒದ್ದೆ. ಎರಡನೆಯ ಅರ್ಧಕ್ಕೆ ಯೆಣೆಗೂರಿನವಳು ಹೋದಳು. ಹೇಳಿದ ಕಡೆ ನಿಂತಳು, ಹೇಳಿದಾಗ ಸರಿದಳು, ನೋಡಲು ಚೆಂದ. ಆದರೂ ಉದ್ದನೆಯ ಒಂದು ಚೆಂಡು ಅವಳ ತಲೆಯ ಮೇಲಿಂದ ಹೋಯಿತು, ವಿಂಗರ್ ಓಡಿದಳು, ಇವಳಿಗೆ ಮುಟ್ಟಲಾಗಲಿಲ್ಲ. ಅದೂ ಗೋಲೇ.

ಒಬ್ಬೊಬ್ಬಳಿಗೆ ಒಂದೊಂದು ಗೋಲು. ಸರ್ ನೋಟ್‌ಬುಕ್ಕು ಮುಚ್ಚಿ ಕಿಸೆಗೆ ಹಾಕಿಕೊಂಡರು. ನನಗಂತೂ ತಲೆ ಕೆಟ್ಟುಹೋಯಿತು. ಬುದ್ಧಿ ಇಲ್ಲದ ವೇಗವೂ ಸೋತಿತು, ವೇಗವಿಲ್ಲದ ಬುದ್ಧಿಯೂ ಸೋತಿತು, ಇನ್ನು ಏನನ್ನು ನೋಡಿ ಆರಿಸಲಿ?

ಆಗ ನಿಲಂಗಾ ತಂಡದ ಕೋಚ್ ಚಹಾ ಹಿಡಿದುಕೊಂಡು ಬಂದರು. ನಿವೃತ್ತಿಗೆ ಹತ್ತಿರವಾದ ಹಿರಿಯರು, ತಲೆಗೆ ಬಿಳಿ ಟೊಪ್ಪಿಗೆ. ಅಲ್ಲಿಯವರೆಗೆ ನಾವಿಬ್ಬರೂ ಮರಾಠಿಯಲ್ಲೇ ಮಾತಾಡಿದ್ದೆವು. ಈಗ ಅವರು ಒಮ್ಮೆಲೇ ಕನ್ನಡಕ್ಕೆ ಇಳಿದರು.

"ಬಾಯಾರ, ಒಂದ್ ಮಾತ ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನೀವು ಆ ಪೋರಿಗೆ ಯಾವ ಭಾಷಾದಾಗ ಒದರ್ತೀರಿ?"

"ಮರಾಠಿದಾಗ್ರೀ. ಮತ್ತ್ಯಾವುದರಾಗ?"

ಅವರು ನಕ್ಕರು. "ಸುರು ಮರಾಠಿದಾಗೇ ಮಾಡ್ತೀರಿ. ಬಾಲ್ ಸಮೀಪ ಬಂತಂದ್ರ ಪೂರಾ ಕನ್ನಡ. ನನಗ ಛಲೋ ಆತು ನೋಡ್ರಿ. ನೀವು ಒಳಗ ಬಾ ಅಂದ್ರಿ, ಆಕಿ ಗೆರಿ ಬಿಟ್ಟು ಬರ್ಲಿಲ್ಲ, ನಾ ನಮ್ಮ ಹುಡುಗಿಗಿ ಒಳಗಿಂದ ಹೋಗು ಅಂದೆ."

ನಾನು ಒಪ್ಪಲಿಲ್ಲ. ಇಪ್ಪತ್ತು ವರ್ಷದಿಂದ ಮರಾಠಿ ಶಾಲೆಯಲ್ಲಿ ಕಲಿಸುವವಳು, ನನಗೆ ಯಾವ ಭಾಷೆ ಬಾಯಲ್ಲಿದೆ ಎಂದು ಗೊತ್ತಿಲ್ಲವೇ?

"ಆ ಓಡೂ ಹುಡುಗಿ ಪ್ರತಿ ಸಲ ಪಕ್ಕದಾಕಿ ಮಾರಿ ನೋಡ್ತಾಳ್ರೀ," ಎಂದರು ಅವರು. "ಆಕಿ ಸರಿದ್ರ ತಾನೂ ಸರೀತಾಳ. ಆಕಿಗಿ ಅಕಲು ಕಮ್ಮಿ ಇಲ್ಲ. ನಿಮ್ಮ ಮಾತ ತಿಳಿಯಂಗಿಲ್ಲ."

ಗಣಿತದ ಸರ್ ಪಂದ್ಯದ ಸ್ವಲ್ಪ ಭಾಗವನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಉಮರಗಾಕ್ಕೆ ಬರುವ ಬಸ್ಸಿನಲ್ಲಿ, ಕಾಸಾರ ಶಿರಸಿ ದಾಟುವಾಗ, ಅದನ್ನು ಕಿವಿಗೆ ಹಿಡಿದು ಕೇಳಿದೆ. ನನ್ನದೇ ದನಿ. ಮೊದಲಿಗೆ ಅಚ್ಚುಕಟ್ಟಾದ ಮರಾಠಿ, ಮಾಗೆ ಯೇ, ಮಾಗೆ ಯೇ, ಅಂದರೆ ಹಿಂದೆ ಬಾ. ಚೆಂಡು ನಮ್ಮ ಗೋಲಿನ ಕಡೆ ತಿರುಗಿದ್ದೇ ತಡ, "ಹಿಂದ ಬಾ ಅಂದ್ರ ಕೇಳ್ಸಂಗಿಲ್ಲೇನ, ಒಳಗ ಬಾ, ಬಿಡಬ್ಯಾಡ ಆಕಿನ್ನ." ಒಂದೇ ಉಸಿರಿನಲ್ಲಿ ಎರಡು ಭಾಷೆ, ದಾಟಿದ್ದು ದಾಟಿದವಳಿಗೇ ಗೊತ್ತಿಲ್ಲ. ಈ ಗಡಿಯ ಊರುಗಳಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಹೀಗೇ ಮಾತಾಡುತ್ತೇವೆ. ಆದರೆ ಆ ಮಾತಿನಿಂದ ಒಬ್ಬಳ ಬುದ್ಧಿ ಅಳೆದಿದ್ದೆನಲ್ಲ, ಅದು ನನ್ನನ್ನು ಚುಚ್ಚಿತು. ಮಾಕಣಿಯ ಕಡೆ ಕನ್ನಡ ಅಷ್ಟಾಗಿ ಇಲ್ಲ. ಐದು ದಿನ ಆ ಹುಡುಗಿಗೆ ಅರ್ಥವಾಗದ್ದನ್ನು ಕೂಗಿ, ಅರ್ಥವಾಗಲಿಲ್ಲ ಎಂದು ಬರೆಸಿದ್ದೆ. ನಾಚಿಕೆಯಿಂದ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಮರುದಿನ ಅವಳನ್ನು ಕರೆದು ಮರಾಠಿಯಲ್ಲಿ ಕೇಳಿದೆ, ತಿಳಿಯದಿದ್ದರೆ ಯಾಕೆ ಹೇಳಲಿಲ್ಲ? ಎಲ್ಲರೂ ಓಡುತ್ತಿದ್ದರು, ನನಗೊಬ್ಬಳಿಗೇ ಗೊತ್ತಾಗುತ್ತಿಲ್ಲ ಅಂದುಕೊಂಡೆ, ಎಂದಳು ಮೆಲ್ಲಗೆ.

ಹೊಸದಾಗಿ ಪರೀಕ್ಷೆ ಮಾಡುವುದೆಂದಾಯಿತು. ಮರಾಠಿಯಲ್ಲೇ ಕೂಗುತ್ತೇನೆ ಎಂದು ಪಣ ತೊಟ್ಟೆ, ಹತ್ತು ನಿಮಿಷ ಆಗುವಷ್ಟರಲ್ಲಿ ಸರ್ ಕೈ ಎತ್ತಿದರು.

"ಹೊಳ್ಳಿ ಕನ್ನಡ ಬಂತ್ರೀ ಮ್ಯಾಡಮ್."

"ಬಾಯಿ ನನ್ನ ಮಾತ ಕೇಳಂಗಿಲ್ಲ ಸರ್, ಏನ್ ಮಾಡ್ಲಿ?"

"ಬಾಯಿಗಿ ಬೀಗ ಹಾಕ್ರಿ. ಯಾರಿಗೂ ಏನೂ ಹೇಳಬ್ಯಾಡ್ರಿ, ಹಂಗೇ ಆಡ್ಲಿ."

ಕಲ್ಲುಸಕ್ಕರೆಯ ದೊಡ್ಡ ಹರಳೊಂದನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ನಿಂತೆ. ಖೊ-ಖೊ ಆಡುವ ಕಾಲದಿಂದ ಮೈದಾನದಲ್ಲಿ ನಾನು ಬಾಯಿ ಮುಚ್ಚಿದ್ದು ಅದೇ ಮೊದಲು. ಆ ಅರ್ಧ ಗಂಟೆಯಲ್ಲಿ ಕಂಡದ್ದು ನನ್ನ ಗೊಂದಲವನ್ನು ಕಳೆಯಲಿಲ್ಲ, ಇಮ್ಮಡಿ ಮಾಡಿತು. ಮಾಕಣಿಯವಳು ಬೇರೆಯೇ ಹುಡುಗಿಯಾದಳು. ಅವಳು ಚೆಂಡನ್ನು ನೋಡುತ್ತಿರಲಿಲ್ಲ, ಎದುರಿನವಳ ಭುಜವನ್ನೂ ಸೊಂಟವನ್ನೂ ನೋಡುತ್ತಿದ್ದಳು. ಭುಜ ತಿರುಗುವಷ್ಟರಲ್ಲಿ ಹೊರಟುಬಿಡುತ್ತಿದ್ದಳು. ಮಾತು ತಿಳಿಯದೆ ಎಲ್ಲರ ಮೈಕೈ ನೋಡಿ ನೋಡಿ ಕಲಿತದ್ದಿರಬೇಕು. ಯೆಣೆಗೂರಿನವಳು ಮಾತ್ರ ಪ್ರತಿ ಸಲವೂ ಗೆರೆಯ ಕಡೆ ಕತ್ತು ತಿರುಗಿಸಿದಳು. ನನ್ನ ಬಾಯಿಗೆ ಕಾಯುತ್ತಿದ್ದಳು. ನಾನು ಹೇಳಲಿಲ್ಲ, ಅವಳು ಸರಿಯಲಿಲ್ಲ, ವಿಂಗರ್ ಆಡುವ ಹುಡುಗಿ ಮೂರು ಸಲ ದಾಟಿ ಹೋದಳು.

ಹಾಗಾದರೆ ನಾನು ಇಷ್ಟು ದಿನ ಬುದ್ಧಿ ಎಂದು ಹೊಗಳಿದ್ದು ನನ್ನ ಮಾತು ಕೇಳುವುದನ್ನೇ? ವೇಗ ಎಂದದ್ದು ಬೇಗ ಗ್ರಹಿಸಿ ಬೇಗ ಹೊರಡುವುದನ್ನೇ? ಚಪ್ಪಾಳೆಗೆ ಭಾಷೆ ಇಲ್ಲ, ಅದಕ್ಕೇ ಅಲ್ಲಿ ಅವಳು ಮುಂದಿದ್ದಳೇ? ಸರ್ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಹೊಡೆದುಹಾಕಿದರು. ಅದರ ಜಾಗ ಖಾಲಿಯೇ ಉಳಿಯಿತು.

ಕೊನೆಗೆ ತೀರ್ಮಾನ ಮಾಡಿದೆ: ಉದಗೀರದಲ್ಲಿ ಮಾಕಣಿಯವಳು ಆಡುತ್ತಾಳೆ, ನಾನು ಬಾಯಿ ಬಿಡುವುದಿಲ್ಲ. ಅದನ್ನು ಯೆಣೆಗೂರಿನವಳಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕಾರಣ ಎಲ್ಲ ಬಿಡಿಸಿ ಹೇಳಿದೆ. ಬ್ಯಾಗಿನ ಪಟ್ಟಿ ತಿರುವುತ್ತಾ ಕೇಳಿದಳು.

"ಅಂದ್ರ ನಾ ನಿಮ್ಮ ಮಾತ ಕೇಳಿದ್ದಕ್ಕ ಹೊರಗ ಕೂಡ್ತೀನೇನ್ರೀ ಮ್ಯಾಡಮ್?"

"ಹಂಗಲ್ಲವ್ವಾ..."

"ಹಂಗೇ ಅದ್ರೀ. ಕೇಳ್ರಿ ಅಂತ ಹೇಳಿದವ್ರು ನೀವೇ."

ಬಸ್ಸು ಬಂತು, ಹತ್ತಿ ಹೋದಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅವಳ ಮುಖ ನೆನೆದಾಗಲೆಲ್ಲ ನನ್ನ ತೀರ್ಮಾನ ಅಲುಗಾಡುತ್ತಿತ್ತು, ಮಾಕಣಿಯವಳ ಮುಖ ನೆನೆದರೆ ಮತ್ತೆ ಗಟ್ಟಿಯಾಗುತ್ತಿತ್ತು. ಪಂದ್ಯದ ದಿನದವರೆಗೂ ಹೀಗೇ ಓಲಾಡಿದೆ.

ಉದಗೀರದ ಮೈದಾನ ಕಪ್ಪು ನೆಲದ್ದು, ಸುಣ್ಣದ ಗೆರೆಗಳು ಎದ್ದು ಕಾಣುತ್ತಿದ್ದವು. ಆಯ್ಕೆಗಾರರು ಶಾಮಿಯಾನದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದರು. ಮಾತು ಕಡಿಮೆ, ಕನ್ನಡಕ ಮೂಗಿನ ತುದಿಯಲ್ಲಿ. ಎದುರಿಗೆ ನಾಂದೇಡ ಕಡೆಯ ತಂಡ, ನಮ್ಮವರಿಗಿಂತ ಒಂದು ಗೇಣು ಎತ್ತರದ ಹುಡುಗಿಯರು. ನಾನು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡೆ. ಪಕ್ಕದಲ್ಲಿ ಬೆಂಚಿನ ಮೇಲೆ ಯೆಣೆಗೂರಿನವಳು ನೇರ ನೋಡುತ್ತಾ ಕೂತಿದ್ದಳು, ನನ್ನ ಕಡೆ ತಿರುಗಲಿಲ್ಲ.

ಮೊದಲ ಅರ್ಧ ಗೋಲಿಲ್ಲದೆ ಕಳೆಯಿತು. ಮಾಕಣಿಯವಳು ತಪ್ಪೇ ಮಾಡಲಿಲ್ಲ ಎಂದಲ್ಲ. ಒಮ್ಮೆ ಸಾಲು ಬಿಟ್ಟು ಹಿಂದೆ ನಿಂತು ಎದುರಾಳಿಯ ಮೇಲೆ ಬೀಳಬೇಕಿದ್ದ ಆಫ್‌ಸೈಡ್ ತಪ್ಪು ಬೀಳದಂತೆ ಮಾಡಿದಳು, ಇನ್ನೊಮ್ಮೆ ಚೆಂಡನ್ನು ನೇರ ಅವರ ಕಾಲಿಗೇ ಕೊಟ್ಟಳು. ಆಗೆಲ್ಲ ನಾಲಿಗೆ ತುರಿಸಿದರೂ ಹರಳು ಕಚ್ಚಿ ಹಿಡಿದೆ.

ಎರಡನೆಯ ಅರ್ಧದ ನಡುವಿನಲ್ಲಿ ಅವರ ವಿಂಗರ್ ಚೆಂಡು ಹಿಡಿದು ಗೆರೆಯ ಪಕ್ಕದಲ್ಲಿ ನುಗ್ಗಿದಳು. ಅಷ್ಟು ಹೊತ್ತಿಗೆ ಕಲ್ಲುಸಕ್ಕರೆ ಕರಗಿಹೋಗಿತ್ತು. ನಾನು ತಡೆಯಲಾರದೆ ಕೂಗಿಬಿಟ್ಟೆ, ಅದೂ ಕನ್ನಡದಲ್ಲಿ. "ಹೋಗ ಆಕಿ ಮ್ಯಾಲ, ಬಿಡಬ್ಯಾಡ!"

ಅವಳು ಹೋಗಲಿಲ್ಲ. ವಿಂಗರನ್ನು ಹಾಗೇ ಬಿಟ್ಟು ಬೆನ್ನು ತಿರುಗಿಸಿ ಗೋಲಿನ ಕಡೆ ಓಡಿದಳು. ವಿಂಗರ್ ಚೆಂಡನ್ನು ಗೋಲಿನ ಮುಂದಕ್ಕೆ ಒದ್ದಳು. ಅಲ್ಲಿ ಅವರ ಇನ್ನೊಬ್ಬ ಹುಡುಗಿ ಯಾರ ಕಾವಲೂ ಇಲ್ಲದೆ ಓಡಿ ಬರುತ್ತಿದ್ದದ್ದು ನನಗೆ ಆಗ ಕಂಡಿತು. ಅವಳ ಕಾಲಿಗೂ ಚೆಂಡಿಗೂ ಒಂದು ಮೊಳ ಅಂತರ ಇದ್ದಾಗ ಮಾಕಣಿಯವಳ ಕಾಲು ನಡುವೆ ಬಂತು. ಚೆಂಡು ಗೋಲಿನ ಪಕ್ಕದಿಂದ ಗೆರೆಯಾಚೆ ಹೋಯಿತು. ನನ್ನ ಮಾತು ಕೇಳಿದ್ದರೆ ಅದು ಗೋಲು.

ಪಂದ್ಯವನ್ನು ಸೋತೆವು. ಹದಿನೆಂಟು ದಿನ ಬಲಬದಿಗಾಗಿ ನಾನು ತಲೆ ಕೆಡಿಸಿಕೊಂಡಿದ್ದೆ, ಗೋಲು ಎಡಬದಿಯಿಂದ ಬಂತು. ಲೆಫ್ಟ್ ಬ್ಯಾಕ್ ಅಳುತ್ತಿದ್ದಳು. ಈ ಎಲ್ಲ ದಿನಗಳಲ್ಲಿ ಅವಳ ಕಡೆ ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅವಳ ಹತ್ತಿರ ಕೂತು ಸ್ವಲ್ಪ ಹೊತ್ತು ಬೆನ್ನು ಸವರಿದೆ.

ಆಮೇಲೆ ಆಯ್ಕೆಗಾರರು ಕರೆಸಿದರು. ಅವರು ಗಮನಿಸಿದ ಹುಡುಗಿಯರಿಗೆಲ್ಲ ಒಂದೊಂದು ಹಾಳೆ. ಹಾಳೆಗೆ ಕೋಚ್ ಸಹಿ ಬೇಕು. ಆಮೇಲೆ ಅವರು ಅಲ್ಲೇ ಕೂತು ಎರಡು ಕಟ್ಟು ಮಾಡುತ್ತಾರೆ, ಬಲಗಡೆಯದು ಆಯ್ಕೆಯಾದವರದು, ಎಡಗಡೆಯದು ಉಳಿದವರದು. ಮಾಕಣಿಯವಳ ಹಾಳೆಯೂ ಅಲ್ಲಿತ್ತು. ವಿಶೇಷ ಗುಣ ಎಂಬ ಸಾಲಿನ ಮುಂದೆ ಅವರು ಮರಾಠಿಯಲ್ಲಿ ಒಂದೇ ಶಬ್ದ ಬರೆದಿದ್ದರು: ವೇಗ. ಒಂದು ನಿಮಿಷ ಎಂದು ಹೇಳಿ, ಹಾಳೆ ಹಿಡಿದುಕೊಂಡೇ ಹೊರಗೆ ಬಂದೆ.

ಹುಡುಗಿ ನಲ್ಲಿಯ ಹತ್ತಿರ ಮೊಣಕಾಲಿನ ಮಣ್ಣು ತೊಳೆಯುತ್ತಿದ್ದಳು, ಯೆಣೆಗೂರಿನವಳು ಅವಳ ಬೂಟು ಹಿಡಿದುಕೊಂಡು ನಿಂತಿದ್ದಳು. ನಾನು ಮರಾಠಿಯಲ್ಲಿ ಕೇಳಿದೆ, ಆಗ ನಾನು ಕೂಗಿದ್ದು ಕನ್ನಡ, ನಿನಗೆ ತಿಳಿಯಲಿಲ್ಲ, ಅಲ್ಲವೇ?

ಅವಳು ಯೆಣೆಗೂರಿನವಳ ಮುಖ ನೋಡಿದಳು. ಆಮೇಲೆ ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು.

"ತಿಳೀತ್ರೀ ಮ್ಯಾಡಮ್. ನೀವು ಹೇಳಿದ್ದು ತಪ್ಪ ಇತ್ತು."

ಯೆಣೆಗೂರಿನವಳು ನೆಲ ನೋಡುತ್ತಾ ಹೇಳಿದಳು, "ನಾನೇ ಕಲಿಸೀನ್ರೀ. ಹಿಂದ, ಒಳಗ, ಬಿಡಬ್ಯಾಡ, ಎಲ್ಲಾ. ಆಕಿ ನನ್ನ ಮಾರಿ ನೋಡಿ ಓಡೂದು ನನಗ ಬ್ಯಾಸರ ಆಗಿತ್ತು."

ಇಬ್ಬರನ್ನೂ ಅಪ್ಪಿಕೊಳ್ಳಬೇಕೆನಿಸಿತು, ಬೈಯಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಶಾಮಿಯಾನಕ್ಕೆ ತಿರುಗಿ ಹೋದೆ. ಸುಮ್ಮನೆ ಸಹಿ ಹಾಕಿದ್ದರೆ ಸಾಕಿತ್ತು. ವೇಗ ಎಂಬ ಶಬ್ದದಿಂದಲೇ ಅವಳ ಕೆಲಸ ಆಗಬಹುದಿತ್ತು, ಹೆಚ್ಚಿಗೆ ಬರೆದರೆ ಕೆಡಲೂಬಹುದಿತ್ತು. ಆದರೆ ಅಷ್ಟು ದಿನ ಅವಳ ಬಗ್ಗೆ ತಪ್ಪನ್ನೇ ಬರೆಸಿದವಳು ನಾನು. ಆ ಶಬ್ದದ ಕೆಳಗೆ ಮರಾಠಿಯಲ್ಲಿ ಬರೆದೆ: ಕೋಚ್ ತಪ್ಪು ಹೇಳಿದರೆ ಕೇಳುವುದಿಲ್ಲ. ಅದರ ಕೆಳಗೆ ಸಹಿ ಹಾಕಿ ಕೊಟ್ಟೆ.

ಆಯ್ಕೆಗಾರರು ಎರಡು ಸಲ ಓದಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಇದು ಹೊಗಳಿಕೆಯೋ ದೂರೋ ಎಂದು ಕೇಳಿದರು. ಅದು ನನಗೂ ಇನ್ನೂ ಸರಿಯಾಗಿ ಗೊತ್ತಾಗಿಲ್ಲ ಸರ್, ಆದರೆ ನಿಜ, ಎಂದೆ. ಅವರು ಹಾಳೆಯನ್ನು ಬಲಗಡೆಯ ಕಟ್ಟಿನ ಮೇಲೆ ಇಟ್ಟರು. ಮೊದಲ ಶಬ್ದ ನೋಡಿ ಇಟ್ಟರೋ, ನನ್ನ ಸಾಲು ನೋಡಿ ಇಟ್ಟರೋ, ಕೇಳುವ ಧೈರ್ಯ ನನಗಾಗಲಿಲ್ಲ.